ಬೆಲ್ಲ ಹಚ್ಚಿದ ಮ್ಯಾನಿಫೋಲ್ಡ್

ನನ್ನ ಬರೆಯುವ ಮೇಜಿನ ಎಡಮೂಲೆಯಲ್ಲಿ ಒಂದು ಅಲ್ಯುಮಿನಿಯಂ ವಸ್ತು ಇದೆ. ಮೊಳದುದ್ದದ ಬೆನ್ನು, ಅದರಿಂದ ಹೊರಟ ನಾಲ್ಕು ಗಿಡ್ಡ ಕೊಳವೆಗಳು. ಕೊಳವೆಗಳ ಬಾಯಿ ಮೇಲೆ ಬರುವಂತೆ ಇಟ್ಟಿದ್ದೇನೆ. ಒಂದರಲ್ಲಿ ನೀಲಿ ಪೆನ್ನು, ಇನ್ನೊಂದರಲ್ಲಿ ಕೆಂಪು ಪೆನ್ನು, ಮೂರನೆಯದರಲ್ಲಿ ಥರ್ಮಾಮೀಟರು. ನಾಲ್ಕನೆಯದನ್ನು ಖಾಲಿ ಬಿಟ್ಟಿದ್ದೇನೆ. ಮನೆಗೆಲಸಕ್ಕೆ ಬರುವ ಗಂಗವ್ವ ಮೊನ್ನೆ ಒರೆಸುವಾಗ ಅದನ್ನು ತಲೆಕೆಳಗಾಗಿ ಹಿಡಿದು, "ಡಾಕ್ಟರಬಾಯಾರ, ಇದು ಥೇಟ್ ಆಕಳ ಕೆಚ್ಚಲ ಆಗೇತ್ರಿ" ಎಂದಳು. ನನಗೂ ಹಾಗೆಯೇ ಕಂಡಿತು. ಇಷ್ಟು ವರ್ಷ ಎದುರಿಗೇ ಕುಳಿತರೂ ಹೊಳೆದಿರಲಿಲ್ಲವಲ್ಲ ಎಂದು ಸ್ವಲ್ಪ ಅವಮಾನವೂ ಆಯಿತು.

ಅದು ಕೆಚ್ಚಲಲ್ಲ, ಮೋಟಾರಿನ ಮ್ಯಾನಿಫೋಲ್ಡ್. ಗಾಳಿ ಮತ್ತು ಪೆಟ್ರೋಲು ಬೆರೆತು ಎಂಜಿನ್ನಿನ ನಾಲ್ಕು ಸಿಲಿಂಡರಿಗೆ ಹಂಚಿಹೋಗುವ ದಾರಿ. ಎಂಜಿನ್ನಿನ ಮೂಗು ಎಂದರೂ ನಡೆಯುತ್ತದೆ. ಡಾಕ್ಟರ್ ಮುದುಕಿಯ ಮೇಜಿನ ಮೇಲೆ ಮೋಟಾರಿನ ಮೂಗು ಏಕೆ ಎಂದು ನೀವು ಕೇಳಬಹುದು. ಇಂದು ರವಿವಾರ, ಪೇಷಂಟುಗಳಿಲ್ಲ. ಹೇಳುತ್ತೇನೆ.

ನಾನು ಶಿಸ್ತಿನವಳು ಎಂದು ಜನ ಹೇಳುತ್ತಾರೆ. ಅಣ್ಣನ ಮಕ್ಕಳು ನನ್ನನ್ನು ಗಡಿಯಾರದ ಅತ್ತಿ ಎನ್ನುತ್ತಾರೆ, ನನಗೆ ಕೇಳಿಸುವುದಿಲ್ಲ ಎಂಬ ಭ್ರಮೆಯಲ್ಲಿ. ಈ ಶಿಸ್ತು ಆಸ್ಪತ್ರೆಯಿಂದ ಬಂದದ್ದಲ್ಲ, ಜಮಖಂಡಿಯ ಪೇಟೆಯಲ್ಲಿದ್ದ ನಮ್ಮ ಮನೆಯಿಂದ ಬಂದದ್ದು. ನಾವು ಜೈನರು. ಅಪ್ಪ ಬನಹಟ್ಟಿ, ರಬಕವಿಯ ಮಗ್ಗದ ಸೀರೆಗಳನ್ನು ಕೊಂಡು ಮಾರುವವರು. ಮನೆಯಲ್ಲಿ ನೀರನ್ನು ಸೋಸದೆ ಕುಡಿಯುವಂತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ತುತ್ತು ಎತ್ತುವಂತಿರಲಿಲ್ಲ. ಹುಳ ಬಂದು ಬೀಳಬಾರದೆಂದು ದೀಪಕ್ಕೆ ಜಾಳಿಗೆ ಮುಚ್ಚುತ್ತಿದ್ದೆವು. ಈ ಎಲ್ಲಾ ಕಾಯಿದೆಗಳ ಮೇಲೆ ನಮ್ಮ ಅಜ್ಜಿ ಇದ್ದರು. ಆಯಿ ಎನ್ನುತ್ತಿದ್ದೆವು. ಆಯಿ ದಿನಾ ಬೆಳಗ್ಗೆ ಅಂಗಳದ ಕಟ್ಟೆಯ ಬುಡದಲ್ಲಿ ಇರುವೆಗಳಿಗೆ ಸಕ್ಕರೆ, ಹಿಟ್ಟು ಹಾಕದೆ ಬಾಯಿಗೆ ನೀರು ಮುಟ್ಟಿಸುತ್ತಿರಲಿಲ್ಲ. ನಮ್ಮ ಮನೆಯ ಇರುವೆಗಳಷ್ಟು ಮೈ ತುಂಬಿಕೊಂಡ ಇರುವೆಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಂಥ ಮನೆಗೆ ನಮ್ಮ ಅಣ್ಣ ನೇಮಣ್ಣ ಒಂದು ಸ್ಪೋರ್ಟ್ಸ್ ಕಾರು ತಂದ. ಮುಧೋಳದ ಕಡೆಯ ಯಾವನೋ ಸರದಾರನ ಮಗ ಬೇಸರವಾಗಿ ಮಾರಿದ್ದು. ಕೆಂಪು ಬಣ್ಣ, ಎರಡೇ ಸೀಟು, ಮೇಲೆ ಛಾವಣಿ ಇಲ್ಲ. ಆಯಿ ಅದರ ಸುತ್ತ ಒಂದು ಸುತ್ತು ಬಂದು, "ಲೇ ನೇಮ್ಯಾ, ಇದರಾಗ ಕೂಡಾಕ ಜಾಗಾನ ಇಲ್ಲಲ್ಲೋ. ಇಷ್ಟ ರೊಕ್ಕಕ್ಕ ಛಲೋ ಎತ್ತ ಬರತಿದ್ದುವು. ಅವು ಸಗಣೀನರ ಹಾಕತಿದ್ದುವು" ಎಂದಿದ್ದರು.

ಆಗ ನಾನು ಮೆಟ್ರಿಕ್ ಮುಗಿಸಿ, ಡಾಕ್ಟರಿಕೆಯ ದಾರಿ ಹಿಡಿಯಲು ಪುಣೆಯ ಕಾಲೇಜಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದೆ. ಅಪ್ಪ ಅರ್ಧ ಒಪ್ಪಿದ್ದರು. ಆಯಿ ಒಪ್ಪಿರಲಿಲ್ಲ. ಪುಣೆ ದೂರ ಎಂಬುದಲ್ಲ ಅವರ ತಕರಾರು. ಅಲ್ಲಿ ಕಪ್ಪೆ ಕೊಯ್ಯಿಸುತ್ತಾರೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು.

"ಜೀವಾ ತಗದು ಜೀವಾ ಉಳಸೂದು ಕಲಸತಾರಂತ. ಅದೆಂಥಾ ಸಾಲಿ?" ಎಂದು ಆಯಿ ಬಂದವರನ್ನೆಲ್ಲ ಕೇಳುತ್ತಿದ್ದರು.

ಕಡೆಗೆ ಒಂದು ದಿನ ಅಪ್ಪನನ್ನು ಎದುರಿಗೆ ಕೂಡಿಸಿಕೊಂಡು ತೀರ್ಪು ಕೊಟ್ಟರು. "ಕುಡಚಿಗೆ ಹೋಗ್ಲಿ. ಗಾಡಿ ಸಿಕ್ಕರ ದೇವರು ಹೂಂ ಅಂದಾನಂತ ತಿಳೀತೀನಿ. ತಪ್ಪಿದರ ಉಹೂಂ ಅಂದಂಗ. ಆಮ್ಯಾಲೆ ಶೇಡಬಾಳದ ವರಾ ನೋಡಾಕ ಬರತಾನ. ಮತ್ತೊಮ್ಮೆ ಈ ಮಾತ ನನ್ನ ಮುಂದ ತಗೀಬಾರದು." ಅಪ್ಪ ತಾಯಿಯ ಮಾತು ಮೀರಿದವರಲ್ಲ. ನಾನು ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಂಡೆ. ಅಂದಿನಿಂದ ನನಗೆ ರೈಲಿನ ಸಿಳ್ಳೆ ಕನಸಿನಲ್ಲಿ ಕೇಳತೊಡಗಿತು.

ಕುಡಚಿ ನಮಗೆ ಹತ್ತಿರದ ರೈಲು ನಿಲ್ದಾಣ. ಗಾಡಿ ಮಧ್ಯಾಹ್ನದ ಮೇಲೆ. ಬಾಡಿಗೆಯ ಸರ್ವಿಸ್ ಮೋಟಾರು ನಸುಕಿನಲ್ಲಿ ಹೊರಡುತ್ತಿತ್ತು. ಅದರಲ್ಲಿ ಹೋದರೆ ಪ್ರಾಯದ ಹುಡುಗಿ ನಿಲ್ದಾಣದಲ್ಲಿ ಅರ್ಧ ದಿನ ಕೂಡಬೇಕು, ಅದು ಅಪ್ಪನಿಗೆ ಬೇಡ. ನೇಮಣ್ಣ ಎದೆ ತಟ್ಟಿಕೊಂಡು, "ನನ್ನ ಕಾರಿನ್ಯಾಗ ಒಯ್ತೀನಿ. ಉಂಡು ಕೈ ತೊಳದು ಹೊಂಡೂನು, ಕೈ ಆರೂದ್ರಾಗ ಕುಡಚಿ" ಎಂದ. ಪರೀಕ್ಷೆಗೆಂದು ಒಂದು ದಿನ ಒಬ್ಬನೇ ಓಡಿಸಿ ನೋಡಿದ. ಕುಡಚಿ ಮುಟ್ಟಿದಾಗ ಅವನಿಗೆ ಕಂಡದ್ದು ಗಾಡಿಯ ಹೊಗೆ ಮಾತ್ರ.

ಊರ ಅಗಸಿಬಾಗಿಲ ಹತ್ತಿರ ಶೆಡ್ಡು ಇಟ್ಟುಕೊಂಡಿದ್ದ ಮಿಸ್ತ್ರಿ ದಸ್ತಗೀರಸಾಬರು ಎಂಜಿನ್ನಿಗೆ ಕಿವಿ ಕೊಟ್ಟು ಕೇಳಿದರು. "ನೇಮಣ್ಣಾವರ, ಇದಕ್ಕ ಉಸಿರು ಸಾಲವಲ್ದು. ಓಡೂ ಕುದರಿ ಮೂಗಿಗೆ ಅರಬಿ ಕಟ್ಟಿದಂಗ ಆಗೇತಿ. ಇದರ ಮ್ಯಾನಿಫೋಲ್ಡ್ ಒಗದು ಎರಡ ಕಾರ್ಬೊರೇಟರಿಂದು ಹಾಕ್ರಿ."

ಮುಂಬಯಿಗೆ ಬರೆದದ್ದಾಯಿತು. ಒಂದನ್ನು ಇಟ್ಟುಕೊಂಡು ಒಂದನ್ನು ಮರಳಿಸುವ ಕರಾರಿನ ಮೇಲೆ ಎರಡು ಮ್ಯಾನಿಫೋಲ್ಡುಗಳು ಹುಲ್ಲಿನಲ್ಲಿ ಸುತ್ತಿಕೊಂಡು ಬಂದವು. ಒಂದರ ಕೊಳವೆಗಳು ದಪ್ಪ, ಇನ್ನೊಂದರವು ಸಪೂರ. ನೇಮಣ್ಣ ನೋಡಿದ ಕೂಡಲೇ ದಪ್ಪನೆಯದನ್ನು ಅಪ್ಪಿಕೊಂಡ. ರೇಸಿನ ಮೋಟಾರುಗಳಿಗೆ ಅದನ್ನೇ ಹಾಕುತ್ತಾರಂತೆ. ದಸ್ತಗೀರಸಾಬರು ಗಡ್ಡ ತುರಿಸಿಕೊಂಡು, "ಅದು ಸುಸಾಟ ಓಡೂ ದಾರೀಗೆ ಛಲೋರೀ. ನಮ್ಮ ದಾರಿಯಾಗ ಹೆಜ್ಜಿಗೊಂದು ಎಮ್ಮಿ, ಹೆಜ್ಜಿಗೊಂದು ಚಕ್ಕಡಿ. ಹಗೂರ ಹೋಗುವಾಗ ದಪ್ಪ ಕೊಳವಿಯಾಗ ಗಾಳಿ ಮಲಕೊಂಡಬಿಡತೈತಿ" ಎಂದರು.

"ದಪ್ಪ ಇದ್ದಷ್ಟೂ ಗಾಳಿ ಹೆಚ್ಚಲ್ಲೇನ್ರಿ?" ನೇಮಣ್ಣನ ವಾದ.

ನಾನು ನಡುವೆ ಬಾಯಿ ಹಾಕಿದೆ. "ಅಣ್ಣಾ, ಒಲೀಮುಂದಿನ ಊದುಗೊಳವಿ ತೊಲಿಯಷ್ಟ ದಪ್ಪ ಮಾಡಿಸಿಕೊಡು. ನೀನ ಊದು. ಒಲಿ ಹತ್ತತೈತೇನ ನೋಡೂನು."

ದಸ್ತಗೀರಸಾಬರು ಬಿದ್ದು ಬಿದ್ದು ನಕ್ಕರು. ಅಣ್ಣ ನಗಲಿಲ್ಲ. ಆದರೆ ಸಪೂರನೆಯದೇ ಉಳಿಯಿತು. ಅದೇ ಈಗ ನನ್ನ ಪೆನ್ನು ಹಿಡಿದು ನಿಂತಿರುವುದು.

ಹೊರಡುವ ಹಿಂದಿನ ದಿನ ಅಂಗಳದಲ್ಲಿ ಕೆಲಸ ಶುರುವಾಯಿತು. ಪಾರ್ಸಲು ತಡವಾಗಿ ಬಂದದ್ದರಿಂದ ಬೇರೆ ದಿನ ಉಳಿದಿರಲಿಲ್ಲ. ನನಗೆ ಟ್ರಂಕು ತುಂಬುವ ಕೆಲಸ ಇತ್ತು, ಆದರೂ ನಾನು ಬಾನೆಟ್ಟಿನ ಹತ್ತಿರವೇ ನಿಂತಿದ್ದೆ. ಹಳೆಯದನ್ನು ಬಿಚ್ಚಿದರು. ಹೊಸದರ ಮುಖ ಎಂಜಿನ್ನಿನ ಮುಖಕ್ಕೆ ಎಲ್ಲಿಯೂ ಸಂದು ಬಿಡದೆ ಕೂಡಬೇಕು. ಅದನ್ನು ನೋಡಲು ದಸ್ತಗೀರಸಾಬರು ಎಣ್ಣೆಯಲ್ಲಿ ಕುಂಕುಮ ಕಲೆಸಿ ಎಂಜಿನ್ನಿಗೆ ಹಚ್ಚಿ, ಮ್ಯಾನಿಫೋಲ್ಡನ್ನು ಒತ್ತಿ ತೆಗೆದರು. ಕುಂಕುಮ ಹತ್ತಿದ ಕಡೆ ಉಬ್ಬು, ಹತ್ತದ ಕಡೆ ತಗ್ಗು. ಉಬ್ಬನ್ನು ಅರದಿಂದ ಉಜ್ಜುವುದು, ಮತ್ತೆ ಕುಂಕುಮ, ಮತ್ತೆ ಒತ್ತುವುದು. ಆಯಿ ಒಳಗಿನಿಂದ ನೋಡಿ, "ಕಡೀಕರೆ ಪೂಜಿ ಮಾಡೂ ಬುದ್ಧಿ ಬಂತಲ್ಲ" ಎಂದು ಸಮಾಧಾನಪಟ್ಟರು. ನಾವು ಯಾರೂ ತಿದ್ದಲಿಲ್ಲ.

ನಾಲ್ಕನೆಯ ಬಾಯಿ ಮಾತ್ರ ಮೊಂಡುತನ ಮಾಡಿತು. ಎಷ್ಟು ಉಜ್ಜಿದರೂ ಅಲ್ಲಿ ಕೂದಲೆಳೆಯಷ್ಟು ತಗ್ಗು ಉಳಿಯಿತು. ಮೇಲಾಗಿ ನಡುವೆ ಹಾಕುವ ಪಟ್ಟಿ, ಪ್ಯಾಕಿಂಗು ಎನ್ನುತ್ತಾರೆ, ಪಾರ್ಸಲಿನಲ್ಲಿ ಮುರಿದು ಬಂದಿತ್ತು. ದಸ್ತಗೀರಸಾಬರು ದಪ್ಪ ಕಾಗದ ಕತ್ತರಿಸಿ ಪಟ್ಟಿ ಮಾಡಿದರು. "ಇದಕ್ಕ ಸ್ಪಿರಿಟಿನ್ಯಾಗ ಅರಗು ಕರಗಿಸಿ ಹಚ್ಚಿದರ ಆತು. ಕಲ್ಲಾಗಿ ಕೂಡತೈತಿ."

ಅರಗು ಎಂಬ ಮಾತು ಆಯಿಯ ಕಿವಿಗೆ ಬಿತ್ತು. ಹೊರಗೆ ಬಂದೇ ಬಿಟ್ಟರು. "ದಸ್ತಗೀರಾ, ಅರಗು ಅಂದ್ರ ಹುಳದ ಜೀವಾ ಅಲ್ಲೇನೋ? ಎಷ್ಟ ಹುಳಾ ಸತ್ತರ ಒಂದ ಮುದ್ದಿ ಅರಗು ಅಕ್ಕೈತಿ, ಗೊತ್ತೈತಿಲ್ಲೋ?"

"ಅರಗು ಬ್ಯಾಡಂದ್ರ ಬಿಡ್ರಿ ಆಯೀ. ಬಡಗ್ಯಾರು ಹಚ್ಚೂ ಸರೇಸ ಐತಿ."

"ಅದು ದನದ ಎಲುಬು, ಚರ್ಮ. ನನ್ನ ಅಂಗಳದಾಗ ಅದರ ಹೆಸರೂ ತಗೀಬ್ಯಾಡ."

ಹೊತ್ತು ಇಳಿಯತೊಡಗಿತ್ತು. ಕಾರು ಬಾಯಿ ತೆರೆದುಕೊಂಡು ನಿಂತಿತ್ತು. ಮರುದಿನದ ಗಾಡಿ ನನ್ನ ಎದೆಯ ಮೇಲೆಯೇ ಹಾಯುತ್ತಿದ್ದಂತೆ ಅನಿಸುತ್ತಿತ್ತು. ಆಗ ದಸ್ತಗೀರಸಾಬರೇ, "ಬೆಲ್ಲ ಪೆಟ್ರೋಲಿನ್ಯಾಗ ಕರಗೂದಿಲ್ಲರೀ. ಬೆಲ್ಲ-ಸುಣ್ಣ ಹಚ್ಚತಿದ್ದೆ, ಆದರ ಸುಣ್ಣ ಅಲ್ಯುಮಿನಿಯಂ ತಿಂತೈತಿ. ಬರೇ ಬೆಲ್ಲದ ಗಟ್ಟಿ ಪಾಕ ಆದರ ನಡೀತೈತಿ" ಎಂದರು.

ಆಯಿಯ ಮುಖ ಅರಳಿತು. ಮಹಾಲಿಂಗಪುರದ ಬೆಲ್ಲ ಒಡೆದು ತಾವೇ ಪಾಕ ಇಟ್ಟರು. ನೀರಿನಲ್ಲಿ ಹನಿ ಬಿಟ್ಟು, ಅದು ಗೋಲಿಯಂತೆ ಟಣ್ಣೆಂದ ಮೇಲೆಯೇ ಇಳಿಸಿದರು. ತಾವು ನಿಲ್ಲಿಸಬೇಕೆಂದಿದ್ದ ಪ್ರಯಾಣಕ್ಕೆ ಇಷ್ಟು ಚೊಕ್ಕ ಪಾಕ ಮಾಡಿಕೊಟ್ಟರಲ್ಲ ಎಂದು ನಾನು ಈಗಲೂ ಬೆರಗಾಗುತ್ತೇನೆ. ಕೆಟ್ಟ ಪಾಕ ಮಾಡುವುದು ಅವರಿಗೆ ಬರುತ್ತಿರಲಿಲ್ಲ, ಅಷ್ಟೇ. ದಸ್ತಗೀರಸಾಬರು ಬಿಸಿಯಿರುವಾಗಲೇ ಪಟ್ಟಿಯ ಎರಡೂ ಬದಿಗೆ ಬಳಿದು, ನಾಲ್ಕನೆಯ ಬಾಯಿಗೆ ಒಂದು ಕೈ ಹೆಚ್ಚೇ ಹಚ್ಚಿ, ಮ್ಯಾನಿಫೋಲ್ಡು ಕೂಡಿಸಿದರು. ನಟ್ಟುಗಳನ್ನು ನಡುವಿನಿಂದ ತುದಿಗೆ, ಸ್ವಲ್ಪ ಸ್ವಲ್ಪವೇ ಸರದಿಯ ಮೇಲೆ ಬಿಗಿದರು. ಆ ಸರದಿ ನನ್ನ ಮನಸ್ಸಿಗೆ ಎಷ್ಟು ಹಿಡಿಸಿತೆಂದರೆ ಮುಂದೆ ಗಾಯಕ್ಕೆ ಹೊಲಿಗೆ ಹಾಕುವಾಗಲೆಲ್ಲ ಅದೇ ನೆನಪಾಗುತ್ತಿತ್ತು. ಕಾರು ಚಾಲೂ ಮಾಡಿದರು. ಹೊಸ ದನಿ! ಕೆಮ್ಮು ಹೋಗಿ ಗುಡುಗು ಬಂದಿತ್ತು. ಆಮೇಲೆ ಕಾರನ್ನು ಕಟ್ಟೆಯ ಪಕ್ಕಕ್ಕೆ ತಳ್ಳಿ, ಎಲ್ಲರೂ ಹೊತ್ತು ಮುಳುಗುವ ಮೊದಲೇ ಉಂಡೆವು.

ಕಟ್ಟೆಯ ಪಕ್ಕಕ್ಕೆ. ನಿಮಗೆ ಆಗಲೇ ಹೊಳೆದಿರಬೇಕು. ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಮರುದಿನ ಆಯಿಯ ಕಾಲು ಮುಟ್ಟಿದೆ. ಉಂಡಿಯ ಡಬ್ಬಿ ಕೈಗಿಟ್ಟರು. ಆಶೀರ್ವಾದದ ಮಾತು ಬಾಯಿಂದ ಬರಲಿಲ್ಲ. "ನೋಡೂನು" ಎಂದಷ್ಟೇ ಅಂದರು. ಮಿರಜೆಯಲ್ಲಿ ಅಪ್ಪನ ತಮ್ಮ, ನಮ್ಮ ಕಾಕಾ, ಅದೇ ಗಾಡಿ ಹತ್ತಿ ನನ್ನ ಜೊತೆ ಬರುವುದಿತ್ತು. ಕಾಲೇಜು ತೆರೆಯಲು ಇನ್ನೂ ಎರಡು ದಿನವಿತ್ತು. ಆದರೆ ಆ ದಿನಗಳಿಂದ ನನಗೆ ಏನೂ ಉಪಯೋಗವಿರಲಿಲ್ಲ, ಆಯಿಯ ದೇವರು ಮಾತಾಡುವುದು ಅಂದಿನ ಗಾಡಿಯಲ್ಲೇ.

ಬನಹಟ್ಟಿಯವರೆಗೆ ಚೆನ್ನಾಗಿಯೇ ಹೋದೆವು. ಮಗ್ಗಗಳ ಸದ್ದು ಹಿಂದೆ ಬಿತ್ತು. ರಬಕವಿ ದಾಟಿ ತೇರದಾಳದ ದಾರಿ ಹಿಡಿದಾಗ ಎಂಜಿನ್ನು ಒಮ್ಮೆ ಸೀನಿತು. ಆಮೇಲೆ ಪಟ್, ಪಟ್ ಎಂದು ಮುಂಗಡೆಯಿಂದಲೇ ಉಗುಳತೊಡಗಿತು. ಕಾರು ಮುಗ್ಗರಿಸುತ್ತ ಹೋಗಿ ಒಂದು ಬೇವಿನ ಮರದ ಕೆಳಗೆ ನಿಂತಿತು. ಎಂಜಿನ್ನು ನಡುಗುತ್ತಲೇ ತಿರುಗುತ್ತಿತ್ತು.

ಬಾನೆಟ್ಟು ಎತ್ತಿದೆವು. ಸುಂಯ್ ಎಂಬ ಸಣ್ಣ ಸಿಳ್ಳೆ. ದಸ್ತಗೀರಸಾಬರು ಹೇಳಿಕೊಟ್ಟಂತೆ ನಾನು ಕರವಸ್ತ್ರ ಒದ್ದೆ ಮಾಡಿ ನಾಲ್ಕನೆಯ ಬಾಯಿಯ ಸಂದಿಗೆ ಒತ್ತಿದೆ. ಸಿಳ್ಳೆ ನಿಂತಿತು. ಕೈ ತೆಗೆದೆ, ಮತ್ತೆ ಸಿಳ್ಳೆ. ಸಂದಿಯಿಂದ ಬೇಡದ ಗಾಳಿ ಒಳಗೆ ಹೋಗುತ್ತಿತ್ತು. ಬೆಲ್ಲ ಎಲ್ಲಿ ಹೋಯಿತು ಎಂದು ಬಗ್ಗಿ ನೋಡಿದಾಗ ನನ್ನ ಕೈಯ ಮೇಲೆ ಏನೋ ಹರಿಯಿತು.

ಇರುವೆ.

ಒಂದಲ್ಲ, ನೂರಲ್ಲ. ಇಡೀ ರಾತ್ರಿ ನಮ್ಮ ಬೆಲ್ಲದ ಮೇಲೆ ಹಬ್ಬ ಮಾಡಿ, ಪಟ್ಟಿಯ ಅಂಚನ್ನೂ ಕಡಿದು, ಎಂಜಿನ್ನು ಬಿಸಿಯಾದಂತೆ ಕೊಳವೆಯ ಕಡೆಗೆ ಸರಿದಿದ್ದವು. ಪೆಟ್ರೋಲು ಆವಿಯಾಗುವಾಗ ಆ ಕೊಳವೆ ನೀರಿನ ಗಡಿಗೆಯಂತೆ ತಣ್ಣಗಿರುತ್ತದೆ. ಅದಕ್ಕೆ ಅಂಟಿಕೊಂಡು ಕರಿ ಕಂಬಳಿ ಹೊದಿಸಿದಂತೆ ಕೂತಿದ್ದವು. ನಮ್ಮ ಮನೆಯವೇ. ಆ ಮೈಕಟ್ಟು ಗುರುತು ಸಿಕ್ಕಿತು.

ನೇಮಣ್ಣ ಎಂಜಿನ್ನು ಬಂದ್ ಮಾಡಿದ. ತುದಿಯ ನಟ್ಟು ಸಡಿಲಿಸಿ, ಸಂದಿಗೆ ಏನಾದರೂ ತುರುಕಿ ಬಿಗಿಯಬೇಕು. ಬಿಗಿದರೆ ಸಂದಿಯಲ್ಲಿದ್ದವು ಅರೆದುಹೋಗುತ್ತವೆ. ಎಂಜಿನ್ನು ನಿಂತು ಕೊಳವೆಯೂ ಬಿಸಿಯಾಗತೊಡಗಿತ್ತು, ಹೊರಗಿದ್ದವೂ ಬೇಯುತ್ತವೆ.

"ಪೆಟ್ರೋಲ ಸುರುವಿದರ ಒಂದ ಕ್ಷಣದಾಗ ಸ್ವಚ್ಛ ಅಕ್ಕೈತಿ" ಎಂದು ಕ್ಯಾನು ತಂದ.

"ಸುರುವು" ಎಂದೆ.

ಅವನು ಕ್ಯಾನು ಎತ್ತಿದ. ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆಯಿ ಜಮಖಂಡಿಯಲ್ಲಿದ್ದರು. ಸೂರ್ಯ ನೆತ್ತಿಯಿಂದ ಇಳಿದಿದ್ದ. ಅಣ್ಣನ ಕೈ ಎತ್ತಿದಲ್ಲೇ ನಿಂತಿತು.

"ನೀ ಸುರುವು, ಚಂಪಾ. ಗಾಡಿ ಹಿಡಿಯಾಕಿ ನೀ."

ಕ್ಯಾನು ಇಸಿದುಕೊಂಡೆ. ಬಗ್ಗಿಸಿದೆ. ಪೆಟ್ರೋಲು ಕ್ಯಾನಿನ ತುಟಿಯವರೆಗೆ ಬಂತು. ಅಲ್ಲಿಂದ ಮುಂದೆ ನನ್ನ ಕೈ ಹೋಗಲಿಲ್ಲ. ಸಿಟ್ಟು ಬಂತು, ಇರುವೆಗಳ ಮೇಲೆ, ಆಯಿಯ ಮೇಲೆ, ನನ್ನ ಕೈಯ ಮೇಲೆ. ಕ್ಯಾನು ಕೆಳಗಿಟ್ಟು ಉಂಡಿಯ ಡಬ್ಬಿ ತೆರೆದೆ.

ಉಂಡಿಗಳನ್ನು ಪುಡಿ ಮಾಡಿ ಒಂದು ಅರಿವೆಯ ಮೇಲೆ ಹರವಿ, ಅರಿವೆಯ ಚುಂಗನ್ನು ಕೊಳವೆಗೆ ತಾಗಿಸಿ ಹಿಡಿದೆ. ಅಣ್ಣ ಮರದ ಕೆಳಗೆ ಬಿದ್ದಿದ್ದ ಹಕ್ಕಿಯ ಪುಕ್ಕದಿಂದ ಹಿಂದಿನಿಂದ ಹಗುರಾಗಿ ಸರಿಸಿದ. ಮೊದಲು ಒಂದು ಬಂತು. ಅದು ಹಿಂದಿರುಗಿ ಹೋಗಿ ಉಳಿದವಕ್ಕೆ ಸುದ್ದಿ ಹೇಳಬೇಕಲ್ಲ! ಹೇಳಿತು, ಅದಕ್ಕೇನೂ ಅವಸರವಿರಲಿಲ್ಲ.

"ಬರ್ರೆವ್ವಾ, ಲಗೂನ ಬರ್ರಿ" ಎಂದು ಅಣ್ಣ ಬೇಡಿಕೊಳ್ಳುತ್ತಿದ್ದ. "ಮದವಿ ದಿಬ್ಬಣಾ ಬಂದಂಗ ಬರಾಕತ್ತಾವಲ್ಲೋ ದೇವರಾ!"

"ಪುಕ್ಕಾ ಹಗೂರ ಆಡಸು. ಕಾಲ ಮುರದಾವು."

"ಇವುಕ್ಕ ಆರಾರ ಕಾಲ ಅದಾವ. ನಿನಗ ಒಂದ ಗಾಡಿ ಐತಿ!"

ನೆರಳು ಮರದ ಬುಡ ಬಿಟ್ಟು ಸರಿಯಿತು. ನಾನು ಅತ್ತ ನೋಡಬಾರದೆಂದು ನಿಶ್ಚಯಿಸಿ ಮತ್ತೆ ಮತ್ತೆ ನೋಡಿದೆ. ಕೊನೆಗೆ ಕೊಳವೆ ಬೆಳ್ಳಗಾಯಿತು. ಸಂದಿಗೆ ಬಾಯಿಂದ ಮೆಲ್ಲಗೆ ಊದಿ ಉಳಿದವನ್ನೂ ಹೊರಡಿಸಿದೆ. ಅರಿವೆಯನ್ನು ಹಾಗೆಯೇ ಎತ್ತಿಕೊಂಡು ಹೋಗಿ ಬೇವಿನ ಬುಡದಲ್ಲಿ ಇಟ್ಟೆ. ಟ್ರಂಕಿನಲ್ಲಿ ಕೊಬ್ಬರಿಎಣ್ಣೆಯ ಸಾಬೂನು ಇತ್ತು. ಪೆಟ್ರೋಲಿಗೆ ಅದೂ ಕರಗುವುದಿಲ್ಲ. ಕರವಸ್ತ್ರ ಹರಿದು, ಸಾಬೂನು ತಿಕ್ಕಿ ಸಂದಿಗೆ ತುಂಬಿದೆ, ಅಣ್ಣ ನಟ್ಟು ಬಿಗಿದ.

ಆಮೇಲೆ ಆ ಕಾರು ಓಡಿದ್ದೇ ಓಟ. ಹೊಸ ಮ್ಯಾನಿಫೋಲ್ಡಿನ ಗುಣ ಆಗ ತಿಳಿಯಿತು. ಎಮ್ಮೆ ಕಂಡಾಗ ನಿಧಾನಿಸಿದರೂ ಮರುಕ್ಷಣ ಜಿಗಿಯುತ್ತಿತ್ತು. ತೇರದಾಳ ಬಂತೋ ಹೋಯಿತೋ ತಿಳಿಯಲಿಲ್ಲ. ಕಣ್ಣಲ್ಲಿ ನೀರು, ಗಾಳಿಗೋ ಭಯಕ್ಕೋ. ಕುಡಚಿಯ ನಿಲ್ದಾಣದ ಮುಂದೆ ಬ್ರೇಕು ಹಾಕಿದಾಗ ಪ್ಲಾಟ್‌ಫಾರ್ಮು ಖಾಲಿಯಿತ್ತು. ಆಚೆ ಕೃಷ್ಣೆಯ ಸೇತುವೆಯ ಮೇಲೆ ಗಾಡಿ ಧಡಧಡ ಹಾಯುವ ಸದ್ದು ಕೇಳುತ್ತಿತ್ತು.

ನಾನು ಟ್ರಂಕು ಇಳಿಸಲೇ ಇಲ್ಲ. ಕಾಕಾಗೆ ತಂತಿ ಕೊಟ್ಟು ಹಿಂದಿರುಗಿದೆವು. ಮನೆ ಮುಟ್ಟುವಾಗ ಹೊತ್ತು ಮುಳುಗಿತ್ತು, ಅಂದರೆ ಅಂದು ಊಟವೂ ಇಲ್ಲ. ಅಪ್ಪ ಬಾಗಿಲಲ್ಲಿದ್ದರು. ಆಯಿ ಕಟ್ಟೆಯ ಮೇಲೆ ಜಪದ ಸರ ಹಿಡಿದು ಕೂತಿದ್ದರು.

"ಗಾಡಿ?" ಎಂದರು.

"ತಪ್ಪಿತು, ಆಯೀ."

ಆಯಿ ತಲೆ ಆಡಿಸಿದರು. ಅಪ್ಪ ನೆಲ ನೋಡಿದರು. ಶೇಡಬಾಳದ ವರ ನಡುಮನೆಯಲ್ಲಿ ಬಂದು ಕೂತಂತೆಯೇ ನನಗೆ ಅನಿಸಿತು. ಆಗ ನೇಮಣ್ಣನಿಗೆ ತಡೆಯಲಾಗಲಿಲ್ಲ. "ದೇವರು ತಪ್ಪಿಸಿಲ್ಲ. ನೀ ದಿನಾ ಸಕ್ಕರಿ ಹಾಕಿ ಬೆಳಿಸೀಯಲ್ಲ, ಆ ಇರುವಿ ತಪ್ಪಿಸ್ಯಾವ! ನಿನ್ನ ಪಾಕ ಎಲ್ಲಾ ತಿಂದು ಮೋಟಾರಿನ್ಯಾಗ ಕುಂತ ಬಂದುವು!"

ಆಯಿಯ ಕೈಯಲ್ಲಿ ಜಪದ ಸರ ನಿಂತಿತು. "ಎಷ್ಟ ಸತ್ತುವು?"

"ನಮ್ಮ ಕಣ್ಣಿಗೆ ಕಂಡಂಗ ಒಂದೂ ಸತ್ತಿಲ್ಲ" ಎಂದೆ. "ಪೆಟ್ರೋಲ ಸುರುವಬೇಕಂತ ಇಬ್ಬರೂ ಕ್ಯಾನು ಎತ್ತಿದ್ವಿ. ಆಗಲಿಲ್ಲ. ಉಂಡಿ ತೋರಿಸಿ ಇಳಿಸಿದ್ವಿ. ಅದಕ್ಕ ಹೊತ್ತಾತು."

"ಉಂಡಿ ಎಲ್ಲಾ ಅವಕ್ಕ ಹಾಕಿದ್ರೇನು?"

"ಎಲ್ಲಾ."

"ಅಂದ್ರ ನೀವಿಬ್ಬರೂ ಏನೂ ತಿಂದಿಲ್ಲ." ಆಯಿ ನನ್ನ ಕೈ ಹಿಡಿದು, ಎಣ್ಣೆ, ಸಾಬೂನು ಮೆತ್ತಿದ ಬೆರಳುಗಳನ್ನು ತಿರುವಿ ನೋಡಿದರು. ಆಮೇಲೆ ಅಪ್ಪನ ಕಡೆ ಹೊರಳಿ, "ಸರ್ವಿಸ್ ಮೋಟಾರು ನಸುಕಿನ್ಯಾಗ ಎಷ್ಟೊತ್ತಿಗೆ ಹೊಂಡತೈತಿ?" ಎಂದು ಕೇಳಿದರು.

ಅಪ್ಪನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಸ್ಟೇಷನ್ನಿನ್ಯಾಗ ಅರ್ಧ ದಿನ ಕೂಡಬೇಕಾಕ್ಕೈತಿ, ಅವ್ವಾ."

"ಕೂಡ್ಲಿ. ನೇಮ್ಯಾ ಜೊತಿ ಕೂಡ್ತಾನ. ಆ ಕೆಂಪ ಡಬ್ಬಿ ಮಾತ್ರ ಬ್ಯಾಡ."

"ಮತ್ತ ದೇವರು ಉಹೂಂ ಅಂದದ್ದು?" ಎಂದು ನೇಮಣ್ಣ ಕೇಳಿಯೇ ಬಿಟ್ಟ. ನಾನು ಅವನ ಕಾಲು ತುಳಿದೆ.

"ಪಾಕ ಮಾಡಿದಾಕಿ ನಾನು, ದೇವರಲ್ಲ" ಎಂದರು ಆಯಿ.

ನಸುಕಿನಲ್ಲಿ ನಾನು ಕಾಲು ಮುಟ್ಟಿದಾಗ ಆಯಿ ಎರಡು ಡಬ್ಬಿ ಕೊಟ್ಟರು. ಎರಡೂ ಬೆಚ್ಚಗಿದ್ದವು.

"ಒಂದು ನಿಮಗ" ಎಂದರು. "ಇನ್ನೊಂದು ಅವಕ್ಕ. ಪರವೂರಾಗ ಬಿಟ್ಟ ಬಂದೀರಿ, ಯಾರ ಹಾಕ್ಯಾರು? ಬೇವಿನ ಗಿಡದ ಹಂತ್ಯಾಕ ಒಂದ ಗಳಿಗಿ ಮೋಟಾರ ನಿಲ್ಲಸಂತ ಡ್ರೈವರಗ ಹೇಳು."